ಹೋಗು ಅನ್ನಿ, ಬಾ ಅನ್ನೋದನ್ನೂ ಮರೀಬೇಡಿ

ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕರೆ ಅಮೀನಗಡದ ಕರದಂಟು ತಂದು ಓಣಿಗೆಲ್ಲ ಹಂಚ್ತೀವಿ. ಅದೇ ಮಗಳು ಎಂ.ಎಸ್. ಮಾಡೋಕೆ ಅಮೆರಿಕಕ್ಕೆ ಹೊರಟರೆ ಗಾಡಿ ಮಾಡಿಕೊಂಡು ಬೆಂಗಳೂರು ವಿಮಾನ ನಿಲ್ದಾಣದ ತನಕ ಹೋಗಿ ಕಳಿಸಿ ಬರ್ತೀವಿ. ಆದರೆ ಅವಳು, ‘ಯವ್ವಾ, ನಾ ಲಂಡನ್ನಿಗೆ ಹೋಗಿ ಆ್ಯಕ್ಟಿಂಗ್ ಕಲೀತೀನಿ, ನಟಿ ಆಗ್ತೀನಿ’ ಅಂದರೆ? ಅವತ್ತು ಮನೆಯಲ್ಲಿ ಒಲೆ ಹೊತ್ತೋದಿಲ್ಲ. ಅಪ್ಪ ಮಾತು ಬಿಡ್ತಾರೆ. ಸೋದರಮಾವನಿಗೆ ಫೋನ್ ಹೋಗುತ್ತೆ. ಕೊನೆಗೆ ಎಲ್ಲರೂ ಸೇರಿ ಒಂದೇ ಮಾತು ಹೇಳ್ತಾರೆ: ‘ಹೋಗೂದಿದ್ರ ಹೋಗು. ಆದ್ರ ತಿರುಗಿ ಈ ಹೊಸ್ತಿಲಾ ತುಳೀಬ್ಯಾಡ.’

ಬಾಗಲಕೋಟೆ ಇರಲಿ, ಬಾದಾಮಿ ಇರಲಿ, ಹುನಗುಂದ, ಇಳಕಲ್ ಇರಲಿ, ಈ ಮಾತು ಕೇಳದ ಮನೆ ಕಡಿಮೆ. ಮೊಬೈಲ್‌ನಲ್ಲಿ ಜಗತ್ತಿನ ಸಿನಿಮಾ, ಸೀರಿಯಲ್ ಎಲ್ಲ ನೋಡಿ ಬೆಳೆದ ಹುಡುಗಿಯರು ಇವತ್ತು ಇಂಥ ಕನಸು ಕಾಣ್ತಾರೆ. ತಪ್ಪೇನಿಲ್ಲ. ಕಳಿಸಬೇಕೋ ಬೇಡವೋ ಅನ್ನೋದು ಆಯಾ ಮನೆಯವರು ಕೂತು ತೀರ್ಮಾನ ಮಾಡುವ ವಿಷಯ. ಆದರೆ ‘ತಿರುಗಿ ಬರಬ್ಯಾಡ’ ಅನ್ನೋ ಆ ಒಂದು ಮಾತನ್ನು ಮಾತ್ರ ಯಾವ ತಂದೆ-ತಾಯಿಯೂ ಆಡಬಾರದು. ಮಗಳಿಗೆ ಅಪಾಯ ತರೋದು ನಟನೆಯೂ ಅಲ್ಲ, ಪರದೇಶವೂ ಅಲ್ಲ. ಕಷ್ಟ ಬಂದಾಗ ಮನೆಗೆ ಫೋನ್ ಮಾಡೋಕೆ ಅವಳಿಗೆ ಮುಖ ಇಲ್ಲದ ಹಾಗೆ ಮಾಡ್ತೀವಲ್ಲ, ಅದು!

ಹೋದವರು ನಮ್ಮ ಕಡೆಯವರೇ

ಇದೆಲ್ಲ ಈಗಿನ ಕಾಲದ ಹುಡುಗಿಯರ ಹುಚ್ಚು ಅಂತ ತಿಳಿದಿದ್ದರೆ, ಬಾಗಲಕೋಟೆಯ ಪಕ್ಕದ ಬೀಳಗಿಯನ್ನು ನೆನಪು ಮಾಡಿಕೊಳ್ಳಿ. ಅಮೀರಬಾಯಿ ಕರ್ನಾಟಕಿ ಹುಟ್ಟಿದ್ದು ಅಲ್ಲಿ. ನಮ್ಮ ಜಿಲ್ಲೆ ವಿಜಾಪುರದಿಂದ ಬೇರೆಯಾಗಿದ್ದು 1997ರಲ್ಲಿ. ಅಮೀರಬಾಯಿ ಕಾಲಕ್ಕೆ ಇದೆಲ್ಲ ಮುಂಬೈ ಪ್ರಾಂತ್ಯ. ಆದರೂ ಕನ್ನಡದ ಹುಡುಗಿಗೆ ಆಗಿನ ಮುಂಬೈ ಅಂದರೆ ಇವತ್ತಿನ ಲಂಡನ್ನಿನಷ್ಟೇ ದೂರ. ಭಾಷೆ ಬೇರೆ, ಜನ ಬೇರೆ, ಊಟ ಬೇರೆ.

ಅವರು ಹೋದರು. 1934ರಲ್ಲಿ ‘ವಿಷ್ಣು ಭಕ್ತಿ’ ಚಿತ್ರದಲ್ಲಿ ಅವಕಾಶ ಸಿಕ್ಕಿತು. 1943ರಲ್ಲಿ ಬಂದ ಬಾಂಬೆ ಟಾಕೀಸ್‌ನ ‘ಕಿಸ್ಮತ್’ ಚಿತ್ರದ ಹಾಡುಗಳು ಅವರನ್ನು ದೇಶದ ಮನೆಮಾತು ಮಾಡಿದವು. ಹೆಸರಿನ ಮುಂದೆ ‘ಕರ್ನಾಟಕಿ’ ಅಂತಲೇ ಇಟ್ಟುಕೊಂಡರು, ಊರು ಬಿಟ್ಟರೂ ನಾಡು ಬಿಡಲಿಲ್ಲ.

ಇಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಅವರು ಬರಿಗೈಲಿ ಹೋಗಲಿಲ್ಲ. ಕೊರಳಲ್ಲಿ ಸಂಗೀತ ಇತ್ತು, ಅದು ಮನೆಯಲ್ಲೇ ಕಲಿತ ವಿದ್ಯೆ. ಎರಡು, ಅವರು ಅಲ್ಲಿ ಒಂಟಿಯಾಗಿರಲಿಲ್ಲ. ಅಕ್ಕ ಗೋಹರಬಾಯಿ ಕೂಡ ಅದೇ ರಂಗದಲ್ಲಿದ್ದರು. ಮರಾಠಿ ರಂಗಭೂಮಿಯ ದೊಡ್ಡ ಹೆಸರು ಬಾಲಗಂಧರ್ವರ ಜೊತೆ ನಟಿಸಿದವರು ಅವರು. ಪರಊರಲ್ಲಿ ನಮ್ಮವರು ಅಂತ ಒಬ್ಬರಿದ್ದರೆ ಅದರ ಬಲವೇ ಬೇರೆ.

ಹಾಗಂತ ಅಮೀರಬಾಯಿ ಬದುಕು ಹೂವಿನ ಹಾಸಿಗೆ ಆಗಿರಲಿಲ್ಲ. ನಟ ಹಿಮಾಲಯವಾಲಾ ಜೊತೆಗಿನ ಮದುವೆ ಬಹಳ ನೋವು ಕೊಟ್ಟು ಮುರಿಯಿತು. ಹೆಸರು, ದುಡ್ಡು ಎರಡೂ ಇದ್ದ ಹೆಣ್ಣಿಗೂ ಮನೆಯೊಳಗಿನ ಹಿಂಸೆ ತಪ್ಪಲಿಲ್ಲ. ಆದರೂ ಅವರು ಆ ಮದುವೆಯಿಂದ ಹೊರಬಂದರು, ಬೇರೆ ಬದುಕು ಕಟ್ಟಿಕೊಂಡರು. ದುಡಿಮೆ ಇತ್ತು, ವಿಜಾಪುರದ ಕಡೆ ಬಂಧು-ಬಳಗ ಇತ್ತು. ಅವರ ಹೆಸರಿನ ಅಮೀರ್ ಟಾಕೀಸ್ ತಲೆ ಎತ್ತಿದ್ದೂ ವಿಜಾಪುರದಲ್ಲೇ. 1965ರಲ್ಲಿ ತೀರಿಕೊಂಡ ಅವರ ಜೀವನ ಕುರಿತು ರಹಮತ್ ತರೀಕೆರೆ ಅವರು ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಮಗಳ ಜೊತೆ ಕೂತು ಓದಿ.

ಇನ್ನೊಬ್ಬರು ಲೀಲಾ ಚಿಟ್ನಿಸ್. 1909ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮರಾಠಿ ಮನೆತನದ ಹೆಣ್ಣುಮಗಳು, ಪದವೀಧರೆ. ಗಂಡನಿಂದ ದೂರವಾದ ಮೇಲೆ ನಾಲ್ಕು ಮಕ್ಕಳನ್ನು ಸಾಕುವ ಜವಾಬ್ದಾರಿ ತಲೆ ಮೇಲೆ ಬಂತು. ಶಾಲೆಯಲ್ಲಿ ಪಾಠ ಮಾಡಿದರು, ನಾಟಕ ಮಾಡಿದರು, ಸಿನಿಮಾಕ್ಕೆ ಬಂದರು. 1939ರ ‘ಕಂಗನ್’ ಅವರನ್ನು ನಾಯಕಿ ಮಾಡಿತು. 1941ರಲ್ಲಿ ಲಕ್ಸ್ ಸೋಪಿನ ಜಾಹೀರಾತಿಗೆ ಬಂದ ಮೊದಲ ಭಾರತೀಯ ನಟಿ ಅವರೇ. ಕೊನೆಗಾಲದಲ್ಲಿ ಅಮೆರಿಕದಲ್ಲಿದ್ದ ಮಕ್ಕಳ ಕಡೆ ಹೋಗಿ ನೆಲೆಸಿದರು, 2003ರಲ್ಲಿ ಅಲ್ಲೇ ತೀರಿಕೊಂಡರು. ನಟನೆ ಮನೆ ಹಾಳು ಮಾಡುತ್ತೆ ಅನ್ನುವವರಿಗೆ ಹೇಳಬೇಕಾದ ಮಾತು ಇದು: ಈ ತಾಯಿಗೆ ನಟನೆಯೇ ಮನೆ ನಡೆಸಿಕೊಟ್ಟಿತು.

ಜಾತ್ರೆಯಲ್ಲಿ ಚಪ್ಪಾಳೆ, ಮನೆಯಲ್ಲಿ ಬೀಗ

ನಮ್ಮ ಭಾಗದ ಜನ ನಾಟಕ ಅಂದರೆ ಜೀವ ಬಿಡ್ತಾರೆ. ಬಾದಾಮಿ ಬನಶಂಕರಿ ಜಾತ್ರೆಗೆ ಹೋದವರಿಗೆ ಗೊತ್ತು, ಬನದ ಹುಣ್ಣಿವೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಕಂಪನಿ ನಾಟಕಗಳ ಟೆಂಟು ಅಲ್ಲಿಂದ ಏಳೋದಿಲ್ಲ. ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿ ಅವರು ಬರೆದ ‘ಸಂಪತ್ತಿಗೆ ಸವಾಲ್’ ನಾಟಕ ಊರೂರಲ್ಲಿ ಆಡಿ, 1974ರಲ್ಲಿ ರಾಜಕುಮಾರ್ ಸಿನಿಮಾ ಆಯಿತು. ಅವರ ಪತ್ನಿ ಸರೋಜಮ್ಮ ಧುತ್ತರಗಿ ಕೂಡ ರಂಗನಟಿ. 2013ರಲ್ಲಿ ನಮ್ಮದೇ ಜಿಲ್ಲೆಯ ತೇರದಾಳದ ಜನ ನಟಿ ಉಮಾಶ್ರೀ ಅವರನ್ನು ವೋಟು ಹಾಕಿ ಗೆಲ್ಲಿಸಿದರು, ಅವರು ರಾಜ್ಯದ ಮಂತ್ರಿಯೂ ಆದರು.

ಅಂದ್ರೆ ನಟಿಗೆ ಟಿಕೆಟ್ ಕೊಂಡು ಚಪ್ಪಾಳೆ ಹೊಡೀತೀವಿ, ವೋಟೂ ಹಾಕ್ತೀವಿ. ಆದರೆ ನಮ್ಮ ಮನೆ ಮಗಳು ನಟಿ ಆಗಬಾರದು! ಈ ಎರಡು ನಾಲಿಗೆ ಯಾಕೆ? ಇದನ್ನು ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಪರದೇಶ ಅಂದರೆ ಬರೀ ಕೆಂಪು ಹಾಸಲ್ಲ

ಇಷ್ಟು ಹೇಳಿದ ಮೇಲೆ ಹುಡುಗಿಯರಿಗೂ ಎರಡು ಮಾತು. ಪರದೇಶಕ್ಕೆ ಹೋಗಿ ನಟನಾದ ನಮ್ಮ ನಾಡಿನ ದೊಡ್ಡ ಉದಾಹರಣೆ ಸಾಬು. ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ. ‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ಹುಡುಗನನ್ನು ಹುಡುಕಿಕೊಂಡು ಬಂದ ವಿದೇಶಿಯರ ಕಣ್ಣಿಗೆ ಬಿದ್ದ. ಅಣ್ಣನ ಜೊತೆ ಇಂಗ್ಲೆಂಡಿಗೆ ಹೋದ. 1937ರಲ್ಲಿ ಆ ಚಿತ್ರ, 1940ರಲ್ಲಿ ‘ದಿ ಥೀಫ್ ಆಫ್ ಬಾಗ್ದಾದ್’, 1942ರಲ್ಲಿ ‘ಜಂಗಲ್ ಬುಕ್’. ಹಾಲಿವುಡ್ಡಿನಲ್ಲಿ ಹೆಸರಾದ. 1944ರಲ್ಲಿ ಅಮೆರಿಕದ ಪೌರನೂ ಆದ.

ಆಮೇಲೆ? ದೊಡ್ಡವನಾದಂತೆ ಒಳ್ಳೆಯ ಪಾತ್ರಗಳು ಕಡಿಮೆಯಾದವು. ಕಾಡು, ಆನೆ, ಪೂರ್ವದೇಶದ ಹುಡುಗ, ಇಷ್ಟೇ ಅವರ ಕಣ್ಣಿಗೆ ಕಂಡ ಸಾಬು. ನಮ್ಮ ‘ಮದರ್ ಇಂಡಿಯಾ’ ಚಿತ್ರದ ಬಿರ್ಜು ಪಾತ್ರಕ್ಕೆ ಸಾಬುವನ್ನು ಕರೆಸುವ ಯೋಚನೆ ಇತ್ತು. ಆದರೆ ಪರದೇಶದ ಪೌರನಾಗಿದ್ದವನಿಗೆ ಇಲ್ಲಿ ಕೆಲಸ ಮಾಡುವ ಪರವಾನಗಿ ಸಿಗಲಿಲ್ಲ. ಆ ಪಾತ್ರ ಸುನೀಲ್ ದತ್ ಪಾಲಾಯಿತು. 1963ರಲ್ಲಿ, ಇನ್ನೂ 39ರ ವಯಸ್ಸಿನಲ್ಲಿ, ಸಾಬು ಅಮೆರಿಕದಲ್ಲೇ ಹೃದಯಾಘಾತದಿಂದ ತೀರಿಕೊಂಡ. ಹೋಗುವಾಗ ಬಾಗಿಲು ತೆರೆಯೋದು ಸುಲಭ, ವಾಪಸ್ ಬರುವ ಬಾಗಿಲು ತಾನಾಗಿ ತೆರೆದಿರೋದಿಲ್ಲ.

ವೀಸಾ ಲೆಕ್ಕ ಮೊದಲೇ ಹಾಕಿ

ಎಂಜಿನಿಯರಿಂಗ್ ಓದೋಕೆ ಹೋದ ಅಕ್ಕನ ಮಗಳಿಗೂ ನಟನೆ ಕಲಿಯೋಕೆ ಹೋಗುವ ನಿಮ್ಮ ಮಗಳಿಗೂ ವೀಸಾ ಕಾನೂನು ಒಂದೇ ಅಲ್ಲ. ಇದು ಬಹಳ ಮನೆಗಳಿಗೆ ಗೊತ್ತಿರೋದಿಲ್ಲ.

ಅಮೆರಿಕದಲ್ಲಿ ಓದು ಮುಗಿದ ಮೇಲೆ ಅದೇ ವಿಷಯದಲ್ಲಿ ಕೆಲಸ ಮಾಡೋಕೆ ಓಪಿಟಿ ಅಂತ 12 ತಿಂಗಳ ಅವಕಾಶ ಕೊಡ್ತಾರೆ. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಅದರ ಮೇಲೆ ಇನ್ನೂ 24 ತಿಂಗಳು ಸಿಗುತ್ತೆ. ನಟನೆ ಓದಿದವರಿಗೆ ಆ 24 ತಿಂಗಳು ಇಲ್ಲ. 12 ತಿಂಗಳಲ್ಲಿ ಹೆಸರು ಮಾಡಬೇಕು, ಇಲ್ಲಾಂದ್ರೆ ಗಂಟು ಕಟ್ಟಬೇಕು. ಕಲಾವಿದರಿಗೆ ಅಂತ ಓ-1 ವೀಸಾ ಇದೆ. ಆದರೆ ಅದು ಸಿಗೋದು ಆಗಲೇ ದೊಡ್ಡ ಸಾಧನೆ ಮಾಡಿದ್ದಕ್ಕೆ ದಾಖಲೆ ತೋರಿಸಿದವರಿಗೆ.

ಇಂಗ್ಲೆಂಡಿನ ಸ್ಟೂಡೆಂಟ್ ವೀಸಾದಲ್ಲಿ ಇನ್ನೂ ಒಂದು ತೊಡಕು. ಓದುವಾಗ ಅಂಗಡಿಯಲ್ಲೋ ಹೋಟೆಲಿನಲ್ಲೋ ವಾರಕ್ಕೆ 20 ಗಂಟೆ ದುಡಿಯಬಹುದು. ಆದರೆ ಕೋರ್ಸಿನ ಭಾಗವಾಗಿ ಕಾಲೇಜೇ ಕಳಿಸುವ ತರಬೇತಿ ಬಿಟ್ಟರೆ, ದುಡ್ಡು ತಗೊಂಡು ಕಲಾವಿದೆಯಾಗಿ ಕೆಲಸ ಮಾಡುವ ಹಾಗಿಲ್ಲ! ನಟನೆ ಕಲಿಯೋಕೆ ಹೋದವಳು ನಟನೆಯಿಂದಲೇ ಖರ್ಚು ತೂಗಿಸ್ತೀನಿ ಅಂದುಕೊಂಡಿದ್ದರೆ ಅದು ಅಲ್ಲಿ ನಡೆಯೋದಿಲ್ಲ. ಪದವಿ ಮುಗಿಸಿದವರಿಗೆ ಉಳಿದು ದುಡಿಯೋಕೆ 2 ವರ್ಷದ ಗ್ರಾಜುಯೇಟ್ ವೀಸಾ ಇದೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದನ್ನು 18 ತಿಂಗಳಿಗೆ ಇಳಿಸಿದ್ದಾರೆ. ಆರು ತಿಂಗಳ ಸಣ್ಣ ಕೋರ್ಸ್ ಮಾಡಿದವರಿಗೆ ಅದೂ ಇಲ್ಲ. ಈ ನಿಯಮಗಳು ಬದಲಾಗ್ತಾ ಇರ್ತವೆ. ಹೊರಡುವ ಮುಂಚೆ ಆಯಾ ಸರ್ಕಾರದ ವೆಬ್‌ಸೈಟಿನಲ್ಲೇ ನೋಡಿ, ಏಜೆಂಟನ ಬಾಯಿಮಾತು ನಂಬಬೇಡಿ.

ಈ ಏಜೆಂಟ್ ವಿಷಯವಂತೂ ಬಹಳ ಹುಷಾರು. ‘ದುಬೈನಲ್ಲಿ ಸ್ಟೇಜ್ ಶೋ, ಊಟ-ವಸತಿ ಫ್ರೀ, ಸದ್ಯಕ್ಕೆ ವಿಸಿಟ್ ವೀಸಾ ಮೇಲೆ ಬಾ, ಆಮೇಲೆ ನೋಡೋಣ’ ಅಂದರೆ ಆ ಫೋನ್ ಅಲ್ಲಿಗೇ ಇಡಿ. ವಿಸಿಟ್ ವೀಸಾ ಮೇಲೆ ಅಲ್ಲಿ ದುಡಿಯೋದು ಅಪರಾಧ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ಪೊಲೀಸರ ಹತ್ತಿರ ಹೋಗೋಕೂ ಹುಡುಗಿಗೆ ಹೆದರಿಕೆ ಆಗುತ್ತೆ. ವಿದೇಶಕ್ಕೆ ಕೆಲಸಕ್ಕೆ ಕಳಿಸುವವರು 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿರಲೇಬೇಕು. ಅವರು ತಗೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಓದೋಕೆ ಹೋಗೋದಾದರೆ ಮಧ್ಯದವರನ್ನು ಬಿಟ್ಟು ನೇರವಾಗಿ ಶಾಲೆಗೇ ಬರೆಯಿರಿ. ಆಡಿಷನ್ನೇ ಇಲ್ಲದೆ ಸೀಟು ಕೊಡ್ತೀವಿ ಅನ್ನುವ ಶಾಲೆ ಇದ್ದರೆ, ಅವರಿಗೆ ಬೇಕಾಗಿರೋದು ನಿಮ್ಮ ಮಗಳ ಪ್ರತಿಭೆಯೋ ನಿಮ್ಮ ದುಡ್ಡೋ ಅಂತ ಯೋಚಿಸಿ.

ಒಂದು ವರ್ಷ ಇಲ್ಲಿ, ಆಮೇಲೆ ಅಲ್ಲಿ

ಹೊಲ ಅಡ ಇಟ್ಟು, ಮದುವೆಗೆ ಮಾಡಿಸಿದ ಬಂಗಾರ ಮಾರಿ ಕಳಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಮಗಳನ್ನು ಒಂದು ವರ್ಷ ಇಲ್ಲೇ ಕಲಿಯೋಕೆ ಬಿಡಿ. ಕೆ.ವಿ. ಸುಬ್ಬಣ್ಣ ಅವರು ಹೆಗ್ಗೋಡಿನಲ್ಲಿ 1980ರಲ್ಲಿ ಶುರು ಮಾಡಿದ ನೀನಾಸಮ್ ರಂಗಶಿಕ್ಷಣ ಕೇಂದ್ರದಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. ಸಾಣೇಹಳ್ಳಿಯಲ್ಲಿ ರಂಗಶಾಲೆ ಇದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1959ರಿಂದ ನಡೀತಾ ಇದೆ, ಬೆಂಗಳೂರಲ್ಲೂ ಅದರ ಕೇಂದ್ರ ಇದೆ. ಸಿನಿಮಾ ನಟನೆಗೆ ಪುಣೆಯ ಎಫ್‌ಟಿಐಐ ಇದೆ. ನಮ್ಮ ಕಡೆಯವರಿಗೆ ಧಾರವಾಡದ ರಂಗಾಯಣ ಹತ್ತಿರದಲ್ಲೇ ಇದೆ.

ಬೆಳಿಗ್ಗೆ ಬೇಗ ಎದ್ದು ವ್ಯಾಯಾಮ ಮಾಡಿ, ರಂಗ ಗುಡಿಸಿ, ಮಾತು ಉರು ಹೊಡೆದು, ರಾತ್ರಿವರೆಗೆ ತಾಲೀಮು ಮಾಡಿದ ಮೇಲೂ ಮಗಳು ‘ನನಗ ಇದೇ ಬೇಕವ್ವಾ’ ಅಂದರೆ ಅದು ಹುಚ್ಚಲ್ಲ, ಹಂಬಲ. ಬೇಡ ಅನಿಸಿ ಬಂದರೂ ನಷ್ಟ ಏನು? ಮಾತಾಡೋ ಧೈರ್ಯ, ನಿಲ್ಲೋ ನಿಲುವು ಬಂದಿರುತ್ತೆ, ಹೊಲವೂ ಉಳಿದಿರುತ್ತೆ. ಪರದೇಶದ ಶಾಲೆಯವರ ಆಡಿಷನ್ನಿಗೂ ಈ ಒಂದು ವರ್ಷ ಬುನಾದಿ. ಮೊದಲ ಸುತ್ತಿಗೆ ವಿಡಿಯೊ ಕಳಿಸಿದರೆ ಸಾಕು ಅನ್ನುವ ಶಾಲೆಗಳೂ ಇವೆ. ಮನೆಯಲ್ಲಿ ಕೂತೇ ಪ್ರಯತ್ನ ಮಾಡಬಹುದು.

ಡಿಗ್ರಿಯನ್ನು ಮಾತ್ರ ಅರ್ಧಕ್ಕೆ ಬಿಡಬೇಡಿ. ಪಾತ್ರ ಇಲ್ಲದ ತಿಂಗಳುಗಳೇ ನಟಿಯ ಬದುಕಿನಲ್ಲಿ ಹೆಚ್ಚು. ಆ ತಿಂಗಳುಗಳಲ್ಲಿ ಊಟ ಹಾಕುವ ಇನ್ನೊಂದು ಕೆಲಸ ಗೊತ್ತಿರಬೇಕು. ಲೀಲಾ ಚಿಟ್ನಿಸ್ ಅವರಿಗೆ ಮಾಸ್ತರಿಕೆ ಬರ್ತಿತ್ತು ಅನ್ನೋದನ್ನು ಮರೀಬೇಡಿ.

ಹೊರಡುವ ಹುಡುಗಿಗೆ

* ಪಾಸ್‌ಪೋರ್ಟ್ ನಿನ್ನ ಹತ್ತಿರವೇ ಇರಲಿ. ಅದರ ಜೆರಾಕ್ಸ್ ಅವ್ವನ ಹತ್ತಿರ ಇರಲಿ.
* ಬ್ಯಾಂಕ್ ಖಾತೆ ನಿನ್ನ ಹೆಸರಲ್ಲೇ ಇರಲಿ. ದುಡಿದದ್ದು ಅಲ್ಲಿಗೇ ಬರಲಿ. ಮ್ಯಾನೇಜರ್, ಗೆಳೆಯ, ಮುಂದೆ ಗಂಡ, ಯಾರೇ ಆಗಲಿ, ಸಹಿ ಮಾಡಿದ ಖಾಲಿ ಚೆಕ್ ಕೊಡಬೇಡ.
* ವಾಪಸ್ ಬರೋ ವಿಮಾನದ ಖರ್ಚನ್ನು ಬೇರೆಯಾಗಿ ಎತ್ತಿಡು. ಎಷ್ಟೇ ಹಸಿವಾದರೂ ಅದನ್ನು ಮುಟ್ಟಬೇಡ.
* ಒಪ್ಪಂದ ಇಲ್ಲದೆ ಕ್ಯಾಮೆರಾ ಮುಂದೆ ನಿಲ್ಲಬೇಡ. ಅರ್ಥ ಆಗದ ಪುಟಕ್ಕೆ ಸಹಿ ಹಾಕಬೇಡ. ಯಾವ ದೃಶ್ಯ ಮಾಡೋದಿಲ್ಲ ಅನ್ನೋದನ್ನು ಮೊದಲೇ ಬರವಣಿಗೆಯಲ್ಲಿ ತಿಳಿಸು.
* ಆಡಿಷನ್ ಹೋಟೆಲ್ ರೂಮಿನಲ್ಲಿ, ರಾತ್ರಿ ಹೊತ್ತಲ್ಲಿ ಅಂದರೆ ಹೋಗಬೇಡ. ಇದು ಪರದೇಶಕ್ಕಷ್ಟೇ ಅಲ್ಲ, ನಮ್ಮ ದೇಶಕ್ಕೂ ಅನ್ವಯ. ಮಲಯಾಳಂ ಚಿತ್ರರಂಗದ ಬಗ್ಗೆ 2024ರಲ್ಲಿ ಹೊರಬಂದ ಹೇಮಾ ಸಮಿತಿ ವರದಿ ಓದಿದರೆ ಒಳಗಿನ ಕಥೆ ತಿಳಿಯುತ್ತೆ. ಇಲ್ಲಿ ಕೆಲಸ ಮಾಡುವಾಗ ತೊಂದರೆ ಆದರೆ 2013ರ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ದೂರು ಸಮಿತಿ ಇರಬೇಕು ಅನ್ನೋದು ಗೊತ್ತಿರಲಿ.
* ಪರದೇಶದಲ್ಲಿ ತೊಂದರೆ ಆದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿ ನಿನ್ನದೇ ಕಚೇರಿ. 2015ರಲ್ಲಿ ಶುರುವಾದ ‘ಮದದ್’ ತಾಣದಲ್ಲೂ ದೂರು ಕೊಡಬಹುದು. ಆ ಊರಿನ ಕನ್ನಡ ಸಂಘದ ಇಬ್ಬರ ಪರಿಚಯವಾದರೂ ಮಾಡಿಕೊ.
* ಇಷ್ಟು ವರ್ಷ ಅಂತ ಒಂದು ಗಡುವು ಹಾಕಿಕೊ. ಗಡುವು ಮುಗಿದ ದಿನ ಕೂತು ಲೆಕ್ಕ ಹಾಕು. ವಾಪಸ್ ಬರೋದು ಸೋಲಲ್ಲ.

ಕಳಿಸುವ ಅವ್ವ-ಅಪ್ಪನಿಗೆ

ಇಷ್ಟೆಲ್ಲ ಎಚ್ಚರಿಕೆ ಹೇಳಿದ ಮೇಲೆ ಒಂದು ಪ್ರಶ್ನೆ. ದೂರದೂರಲ್ಲಿ ಯಾರೋ ಒಬ್ಬ ಅವಳನ್ನು ತಪ್ಪು ಕೆಲಸಕ್ಕೆ ಕರೆದ ಅಂತ ಇಟ್ಟುಕೊಳ್ಳಿ. ಅವಳ ಹತ್ತಿರ ಬಾಡಿಗೆಗೆ ದುಡ್ಡಿಲ್ಲ. ಆಗ ಅವಳು ಯಾರಿಗೆ ಫೋನ್ ಮಾಡ್ತಾಳೆ? ‘ತಿರುಗಿ ಬರಬ್ಯಾಡ’ ಅಂದ ಅಪ್ಪನಿಗಾ? ‘ನಾ ಹೇಳಿರಲಿಲ್ಲೇನ’ ಅಂತ ಕಾಯ್ತಾ ಕೂತ ಚಿಕ್ಕಮ್ಮನಿಗಾ? ಯಾರಿಗೂ ಮಾಡೋದಿಲ್ಲ. ಬಾಯಿ ಮುಚ್ಚಿಕೊಂಡು ಸಹಿಸ್ತಾಳೆ. ಮೋಸಗಾರನಿಗೆ ಬೇಕಾಗಿರೋದು ಇಂಥ ಹುಡುಗಿಯೇ. ಹಿಂದೆ ಯಾರೂ ಇಲ್ಲ ಅನ್ನೋದು ಅವನಿಗೆ ಬಹಳ ಬೇಗ ವಾಸನೆ ಹತ್ತುತ್ತೆ. ನಾವು ಮರ್ಯಾದೆ ಅಂತ ಹಾಕಿದ ಬೀಗ ಅವನ ಕೈಗೆ ಕೀಲಿ ಕೊಟ್ಟ ಹಾಗೆ ಆಗುತ್ತೆ.

ಅದೇ ಮಗಳು ವಾರಕ್ಕೆರಡು ಸಲ ಮನೆಗೆ ಫೋನ್ ಮಾಡಿ, ‘ಅಪ್ಪಾ, ಈ ಒಪ್ಪಂದದಾಗ ಹಿಂಗ ಬರದಾರ, ಏನ್ ಮಾಡ್ಲಿ?’ ಅಂತ ಕೇಳುವ ಹಾಗಿದ್ದರೆ? ಅಪ್ಪನಿಗೆ ಆ ಇಂಗ್ಲಿಷ್ ಅರ್ಥ ಆಗದೆ ಇರಬಹುದು. ಪರವಾಗಿಲ್ಲ. ಪರಿಚಯದ ವಕೀಲರಿಗೆ ತೋರಿಸ್ತಾರೆ. ‘ನಮ್ಮ ಅಪ್ಪನ್ನ ಕೇಳಿ ಹೇಳ್ತೀನಿ’ ಅನ್ನುವ ಒಂದು ಮಾತೇ ಎಷ್ಟೋ ಬಾಗಿಲುಗಳನ್ನು ಅವಳ ಪಾಲಿಗೆ ಕಾಯುತ್ತೆ.

ಇಳಕಲ್ ಸೀರೆ ನೇಯುವವರ ಮನೆಗೆ ಹೋದವರು ನೋಡಿರ್ತೀರಿ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸ್ತಾರೆ. ಬಣ್ಣ ಬೇರೆ ಆದರೂ ಸೀರೆ ಒಂದೇ. ಮಗಳ ಬದುಕಿನ ಬಣ್ಣ ನಿಮ್ಮದಕ್ಕಿಂತ ಬೇರೆ ಇರಬಹುದು, ಕೊಂಡಿ ಗಟ್ಟಿ ಇದ್ದರೆ ಸಾಕು.

‘ಆದರೆ ಅವಳ ತಂಗಿ ಮದುವೆ ಹೆಂಗ್ರೀ? ಜನ ಏನಂತಾರ?’ ಈ ಮಾತು ಬಂದೇ ಬರುತ್ತೆ. ಜನ ಅಂತಾರೆ, ಅನ್ನೋದಿಲ್ಲ ಅಂತ ಸುಳ್ಳು ಹೇಳೋದು ಬೇಡ. ಸಂಬಂಧ ನೋಡೋಕೆ ಬಂದವರು ದೊಡ್ಡವಳ ವಿಷಯ ಕೇಳ್ತಾರೆ. ಆಗ ತಲೆ ತಗ್ಗಿಸಬೇಡಿ. ‘ನಮ್ಮ ದೊಡ್ಡಾಕಿ ನಟನೆ ಕಲಿಯಾಕ ಹೋಗ್ಯಾಳ, ನಾವ ಕಳಿಸೇವಿ’ ಅಂತ ನೀವೇ ಮೊದಲು ಹೇಳಿ. ಮುಚ್ಚಿಟ್ಟಾಗಲೇ ಮಾತು ಬೆಳೆಯೋದು. ತಾಯಿ-ತಂದೆ ಎದೆ ಸೆಟೆಸಿ ಹೇಳಿದ ಮಾತಿಗೆ ಜನ ಬಣ್ಣ ಹಚ್ಚೋದು ಕಷ್ಟ. ಅದಕ್ಕೂ ಒಪ್ಪದೆ ಎದ್ದು ಹೋದ ಮನೆಯವರಿದ್ದರೆ, ಆ ಮನೆಗೆ ಚಿಕ್ಕವಳನ್ನು ಕೊಡದೆ ಉಳಿದದ್ದೇ ಒಳ್ಳೆಯದಾಯಿತು ಅಂದುಕೊಳ್ಳಿ.

ಕಳಿಸೋಕೆ ಆಗೋದಿಲ್ಲ, ದುಡ್ಡಿಲ್ಲ ಅಂದರೆ ಅದನ್ನೂ ಬಾಯಿಬಿಟ್ಟು ಹೇಳಿ. ‘ನಮ್ಮ ಕೈಲಿ ಇಷ್ಟೇ ಆಗೂದು, ಉಳಿದದ್ದಕ್ಕ ನೀನ ದಾರಿ ಹುಡುಕು’ ಅಂದರೆ ಬುದ್ಧಿವಂತ ಮಗಳಿಗೆ ಅರ್ಥ ಆಗುತ್ತೆ. ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕ್ತಾಳೆ, ಇಲ್ಲೇ ಎರಡು ವರ್ಷ ದುಡಿದು ಕೂಡಿಸ್ತಾಳೆ. ಬಡತನಕ್ಕೆ ನಾಚಿಕೊಂಡು, ಅದನ್ನು ಮರ್ಯಾದೆಯ ಹೆಸರಲ್ಲಿ ಮುಚ್ಚಿ ಬೈದರೆ ಮಾತ್ರ ಅವಳು ಹೇಳದೆ ಕೇಳದೆ ಹೋಗ್ತಾಳೆ. ಹಾಗೆ ಹೋದವಳ ವಿಳಾಸವೂ ನಿಮಗೆ ಗೊತ್ತಿರೋದಿಲ್ಲ.

ಆದ್ದರಿಂದ ಇವತ್ತು ರಾತ್ರಿ ಊಟ ಆದ ಮೇಲೆ ಟಿ.ವಿ. ಆರಿಸಿ ಮಗಳ ಜೊತೆ ಒಂದು ತಾಸು ಕೂತುಕೊಳ್ಳಿ. ಯಾವ ಶಾಲೆ, ಎಷ್ಟು ಖರ್ಚು, ಯಾವ ವೀಸಾ, ಯಾರಿದ್ದಾರೆ ಅಲ್ಲಿ, ಎಲ್ಲವನ್ನೂ ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಉತ್ತರ ಇಲ್ಲದ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡು ಬರೋಕೆ ಅವಳಿಗೆ ತಿಂಗಳು ಟೈಮ್ ಕೊಡಿ. ಆಮೇಲೆ ಹೂಂ ಅನ್ನಿ, ಊಹೂಂ ಅನ್ನಿ, ಅದು ನಿಮ್ಮ ಮನೆಯ ತೀರ್ಮಾನ. ಏನೇ ಹೇಳಿದರೂ ಕೊನೆಗೆ ಇದೊಂದನ್ನು ಸೇರಿಸಿ: ‘ಎಲ್ಲೇ ಇರು, ಏನೇ ಆಗಲಿ, ಮೊದಲ ಫೋನ್ ನಮಗ ಮಾಡು. ರಾತ್ರಿ ಎಷ್ಟೊತ್ತಾಗಿದ್ರೂ ಮಾಡು.’